ಹೊರೆಯ ಹಂಚಿಕೆ

ಹೊರುವವರೆಲ್ಲರಿಗೂ ಹೊರೆಯನ್ನು ಸಮನಾಗಿ ಹಂಚುವುದೇ ನ್ಯಾಯವೆಂದು ಜನರು ಸಾಮಾನ್ಯವಾಗಿ ಭಾವಿಸುವರು. ಈ ಭಾವನೆಯನ್ನು ಪರೀಕ್ಷಿಸುವುದಕ್ಕೆ ದೂರಪ್ರವಾಸಕ್ಕೆ ಹೊರಟ ಬೈಸಿಕಲ್ಲು ಒಳ್ಳೆಯ ನಿದರ್ಶನ. ಅಲ್ಲಿ ಹೊರುವವು ಎರಡೇ ಚಕ್ರಗಳು. ಹಂಚಿಕೆ ತಪ್ಪಾಗಿದ್ದರೆ ಮೊದಲನೆಯ ಇಳಿಜಾರಿನಲ್ಲಿಯೇ ಅದು ತಿಳಿದುಬರುವುದು.

ಬೈಸಿಕಲ್ಲಿನ ಚರಿತ್ರೆಯೇ ಭಾರಕ್ಕೆ ತಕ್ಕ ನೆಲೆಯನ್ನು ಅರಸಿದ ಚರಿತ್ರೆ. ಹಿಂದಿನ ಎತ್ತರ ಚಕ್ರದ ಬಂಡಿಯಲ್ಲಿ ಸವಾರನು ಮುಂದಿನ ಚಕ್ರದ ನೆತ್ತಿಯ ಬಳಿಯಲ್ಲಿಯೇ ಕುಳಿತಿರುತ್ತಿದ್ದನು. ಕಲ್ಲೊಂದು ಅಡ್ಡವಾದರೆ ತಲೆಕೆಳಗಾಗಿ ಬೀಳುತ್ತಿದ್ದನು. ಅಂತಹ ಬಂಡಿಯನ್ನೇರಿ ಥಾಮಸ್ ಸ್ಟೀವನ್ಸನು 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೂ ಸವಾರಿಮಾಡಿ, ಆ ವರ್ಷದ ಡಿಸೆಂಬರಿನಲ್ಲಿ ಯೊಕೊಹಾಮವನ್ನು ಸೇರಿದನು. ಹೊರಟಾಗ ಅವನ ಗಂಟಿನಲ್ಲಿದ್ದುದು ಕಾಲುಚೀಲ, ಮತ್ತೊಂದು ಅಂಗಿ, ಡೇರೆಯಾಗಿಯೂ ಒದಗುವ ಮಳೆಯಂಗಿ, ಒಂದು ರಿವಾಲ್ವರು, ಇಷ್ಟೆ. ಇರಿಸಲು ಎಡೆಯಿಲ್ಲದಲ್ಲಿ ಕಡಮೆ ಮಾಡಿಕೊಳ್ಳುವುದೇ ದಾರಿ. 1885ರ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬಂಡಿಯಾದರೋ ಸವಾರನನ್ನು ಎರಡು ಸಣ್ಣ ಚಕ್ರಗಳ ನಡುವೆ ಇಳಿಸಿ ಕೂರಿಸಿತು. ಹಂಚುವುದಕ್ಕೆ ಆಗ ಅವಕಾಶವಾಯಿತು.

ಈ ಬಂಡಿಯಲ್ಲಿ ಸವಾರನ ಮೈಭಾರದ ಹೆಚ್ಚು ಪಾಲು ಹಿಂದಿನ ಚಕ್ರದ್ದು. ಕ್ಯಾರಿಯರು ಇರುವುದೂ ಅಲ್ಲಿಯೇ ಆದುದರಿಂದ ಮೂಟೆಗಳೂ ಅದರ ಮೇಲೆಯೇ ಏರುವುವು. ಅದು ಸದ್ದಿಲ್ಲದೆ ಹೊರುವುದು. ಆದರೆ ಭಾರವು ಅದರ ಅಚ್ಚಿಗಿಂತ ಹಿಂದಕ್ಕೆ ಸರಿದಷ್ಟೂ ಮುಂದಿನ ಚಕ್ರ ಹಗುರವಾಗಿ, ವೇಗದಲ್ಲಿ ಹ್ಯಾಂಡಲು ನಡುಗತೊಡಗುವುದು. ಹೊರೆ ಹಿಂದೆ, ನಡುಕ ಮುಂದೆ. ಸಂಸಾರದಲ್ಲಿಯೂ ಹೀಗುಂಟು. ಮಾತನಾಡದೆ ದುಡಿಯುವ ಹಿರಿಯ ಸೊಸೆಯ ಮೇಲೆಯೇ ಕೆಲಸವೆಲ್ಲ ಬೀಳುವುದು. ಕಲಹ ಮಾತ್ರ ಇನ್ನೆಲ್ಲಿಯೋ ಏಳುವುದು. ಅದರ ಮೂಲವನ್ನು ಯಾರೂ ಅವಳ ಬೆನ್ನಿನ ಮೇಲೆ ಹುಡುಕರು.

ಹಾಗಾದರೆ ಮುಂದಿನ ಚಕ್ರಕ್ಕೂ ಹೊರಿಸಬಹುದೆ? ದಾರಿ ತೋರತಕ್ಕ ಚಕ್ರವನ್ನು ಹೊರೆಯಿಂದ ಬಿಡಿಸಬೇಕಲ್ಲವೆ ಎಂದು ಕೇಳುವವರುಂಟು. ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಬೈಸಿಕಲ್ಲು ಪ್ರತಿಕ್ಷಣವೂ ಬೀಳಲು ತೊಡಗುವುದು. ಬೀಳುವ ಕಡೆಗೆ ಮುಂದಿನ ಚಕ್ರವನ್ನು ತುಸು ತಿರುಗಿಸಿಯೇ ಅದನ್ನು ಎತ್ತಿ ನಿಲ್ಲಿಸಬೇಕು. ಹ್ಯಾಂಡಲಿನ ಮೇಲೆ ಎತ್ತರವಾಗಿ ಮೂಟೆ ಕಟ್ಟಿದರೆ ಆ ತಿದ್ದುಗೆ ತಡವಾಗುವುದು. ಆದರೆ ನೆಲವನ್ನು ಒತ್ತಿ ಹಿಡಿಯದ ಚಕ್ರ ದಾರಿಯನ್ನೂ ತೋರಲಾರದು. ಆದುದರಿಂದ ಅನುಭವಸ್ಥರು ಭಾರವಾದ ವಸ್ತುಗಳಲ್ಲಿ ಒಂದು ಪಾಲನ್ನು ಮುಂದಿನ ಅಚ್ಚಿನ ಇಕ್ಕೆಲಗಳಲ್ಲಿ, ತಗ್ಗಿನಲ್ಲಿ, ಚಕ್ರಕ್ಕೆ ಒತ್ತಾಗಿ, ಅಲುಗದಂತೆ ಕಟ್ಟುವರು. ಎಡಬಲಗಳ ತೂಕವನ್ನು ಮಾತ್ರ ಸಮನಾಗಿಡುವರು. ಚೀಲಗಳ ಗಾತ್ರಕ್ಕೆ ಮೋಸಹೋಗರು.

ಎಡಬಲಗಳ ಸ್ಥಿತಿ ಒಂದೇ ಆದುದರಿಂದ ಅಲ್ಲಿ ಸಮಪಾಲೇ ನ್ಯಾಯ. ಹಿಂದುಮುಂದುಗಳ ಸ್ಥಿತಿ ಬೇರೆಯಾದುದರಿಂದ, ಆಗಲೇ ಹೊತ್ತಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಮಪಾಲು ಅನ್ಯಾಯವೇ ಆಗುವುದು. ಹಂಚುವವನು ಮೂಟೆಯನ್ನು ಬಿಚ್ಚುವುದಕ್ಕೆ ಮೊದಲು, ಯಾರು ಈಗಾಗಲೇ ಎಷ್ಟು ಹೊತ್ತಿರುವರೆಂಬುದನ್ನು ನೋಡತಕ್ಕದ್ದು. ಮುಂದೆ ನಡೆಯುವವನು ಹಗುರವಾಗಿರಬೇಕೆಂಬ ಹಟವನ್ನೂ ಬಿಡತಕ್ಕದ್ದು.