ಒಂದು ಬ್ಯಾಸಿಗಿ ಕಾಣ್ಲಿ

ಹೊಸಪೇಟೆಯಲ್ಲಿ ಮನೆ ಕಟ್ಟಿಸಿದಾಗ ಒಳಬಾಗಿಲುಗಳಿಗೆ ಬೇವಿನ ಮರ ಹಾಕಿಸಿದೆವು. ಕೊಂಡ ಮರವಲ್ಲ. ಕಂಪ್ಲಿ ಕಡೆ ಸೋದರಮಾವನ ಗದ್ದೆಯ ಬದುವಿನಲ್ಲಿ ಗಾಳಿಗೆ ಉರುಳಿದ್ದು. 'ಒಯ್ಯೋ, ಬಾಗಿಲಾದ್ರೂ ಆಗ್ಲಿ' ಎಂದು ಮಾವ ಕೊಟ್ಟಿದ್ದ. ಸಾಮಿಲ್ಲಿನಲ್ಲಿ ಸೀಳಿಸಿ ತಂದು ಅಂಗಳದಲ್ಲಿ ಹಾಕಿದ ದಿನ ಇಡೀ ಓಣಿಗೆ ಕಹಿ ವಾಸನೆ. ಬಡಿಗೇರರು ಬಂದು ಒಂದು ಹಲಗೆ ಎತ್ತಿ ತೂಗಿ ನೋಡಿದರು, ಬೆರಳ ಗೆಣ್ಣಿನಿಂದ ತಟ್ಟಿದರು, ಕೆಳಗಿಟ್ಟರು. 'ಇನ್ನಾ ಹಸಿ ಐತ್ರಿ. ಒಂದು ಬ್ಯಾಸಿಗಿ ಕಾಣ್ಲಿ.'

ಮಾಘದಲ್ಲಿ ಗೃಹಪ್ರವೇಶ. ಕಾರ್ಡು ಅಚ್ಚಾಗಿತ್ತು. ಬಡಿಗೇರರು ಎರಡು ಸಲ ಹೇಳಿದರು, ಮೂರನೆಯ ಸಲ ಹೇಳಲಿಲ್ಲ. ಕೂಲಿ ಪಡೆಯುವವರು ಧಣಿಗೆ ಎಷ್ಟು ಸಲ ಹೇಳಬಲ್ಲರು? ಬಾಗಿಲು ನಿಂತವು, ಪಾಲಿಷ್ ಮಿಂಚಿತು, ಬಂದ ನೆಂಟರು ಕೈಯಾಡಿಸಿ ಮೆಚ್ಚಿದರು. ಯುಗಾದಿ ಕಳೆದು ಬಿಸಿಲು ಏರಿತು ನೋಡಿ, ಹಲಗೆಗಳ ನಡುವೆ ಸಂದು ಬಿಟ್ಟು ಪಕ್ಕದ ಕೋಣೆಯ ಬೆಳಕು ಗೆರೆ ಗೆರೆಯಾಗಿ ನೆಲಕ್ಕೆ ಬೀಳತೊಡಗಿತು. ನೋಡಿದವರೆಲ್ಲ 'ಯಾರ್ರೀ ಬಡಿಗ್ಯಾರು?' ಎಂದರು. ಅವಸರ ಮಾಡಿದವರು ಯಾರೆಂದು ಯಾರೂ ಕೇಳಲಿಲ್ಲ. ನಾನಾಗಿಯೇ ಹೇಳಬಹುದಿತ್ತು. ಹೇಳಲಿಲ್ಲ. ಒಬ್ಬ ಕಸುಬುದಾರನ ಹೆಸರು ನನ್ನ ಮನೆಯ ಪಡಸಾಲೆಯಲ್ಲಿ ಕೆಡುತ್ತಿದ್ದಾಗ ಚಹಾ ಕುಡಿಯುತ್ತ ಕೂತಿದ್ದೆ.

ಆಮೇಲೆ ಮರದ ಬಗ್ಗೆ ಕೇಳಿ ತಿಳಿದುಕೊಂಡೆ. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ, ಕೋಶಗಳ ಗೋಡೆಯಲ್ಲಿ. ಪೊಳ್ಳಿನ ನೀರು ಆರಿಹೋದರೂ ಹಲಗೆಯ ಅಳತೆ ಬದಲಾಗದು. ತೇವ ಶೇಕಡಾ 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಗಳು ಒಣಗಲು ಶುರು. ಆಗ ಮರ ಕುಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ವರ್ಷದುಂಗುರಗಳ ಗುಂಟ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಹಲಗೆ ದೋಣಿಯ ಹಾಗೆ ಬಾಗುವುದು ಇದೇ ಕಾರಣಕ್ಕೆ. ಎಂದರೆ ನಮ್ಮ ಬಾಗಿಲ ಹಲಗೆಗಳು ಗೃಹಪ್ರವೇಶದ ದಿನವೇ ಬಿರುಕು ಬಿಡುವುದೆಂದು ತೀರ್ಮಾನಿಸಿಯಾಗಿತ್ತು, ಬಿಸಿಲಿಗೆ ಕಾಯುತ್ತಿದ್ದವು ಅಷ್ಟೆ.

ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕವಿದೆ. ಒರಟು ಲೆಕ್ಕ. ನಮ್ಮ ಸೀಮೆಯ ಬಿಸಿಲಿಗೆ ಇನ್ನೂ ಬೇಗ ಒಣಗೀತು, ಆದರೆ ಇಲ್ಲಿನ ಅಪಾಯ ಆ ಬೇಗದಲ್ಲೇ ಇದೆ. ಬಯಲಲ್ಲಿ ಹರವಿದ ಹಲಗೆಯ ಮೈ ಒಣಗಿ ಬಿಗಿಯುತ್ತದೆ, ಒಡಲು ಹಸಿಯಾಗಿಯೇ ಉಳಿಯುತ್ತದೆ. ಈ ಜಗ್ಗಾಟದಲ್ಲಿ ಸೀಳು ಬಿಡುತ್ತದೆ. ಆದ್ದರಿಂದ ನೆರಳು ಬೇಕು, ನೆಲದಿಂದ ಅಡಿಯಷ್ಟು ಎತ್ತರ ಬೇಕು, ಹಲಗೆ ಹಲಗೆಯ ನಡುವೆ ಗಾಳಿಯಾಡಲು ಒಂದೇ ದಪ್ಪದ ಪಟ್ಟಿ, ಮೇಲೆ ಭಾರದ ಕಲ್ಲು. ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು, ಏಕೆಂದರೆ ಅಲ್ಲಿಂದ ನೀರು ಎಲ್ಲಕ್ಕಿಂತ ಬೇಗ ಹೊರಡುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಒಂದು ತುಂಡನ್ನು ವಾರಕ್ಕೊಮ್ಮೆ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ತೂಕ ಬರೆದಿಡಿ. ತೂಕ ಇಳಿಯುವುದು ನಿಂತರೆ ಮರ ಆ ಊರಿನ ಗಾಳಿಗೆ ಒಗ್ಗಿತು ಎಂದರ್ಥ.

ಆ ಊರಿನ ಗಾಳಿಗೆ ಎಂದೆ. ಕಂಪ್ಲಿಯ ಕಾಲುವೆ, ಗದ್ದೆಗಳ ತಂಪಿನಲ್ಲಿ ಒಣಗಿದ ಹಲಗೆ ಹೊಸಪೇಟೆಯ ತಾರಸಿ ಮನೆಗೆ ಬಂದರೆ ಮತ್ತಷ್ಟು ಕುಗ್ಗುತ್ತದೆ. ಅದೇ ಹಲಗೆ ಮಳೆಗಾಲದ ಸಂಡೂರಿನ ಗುಡ್ಡದ ಮಂಜಿಗೆ ಹೋದರೆ ಉಬ್ಬುತ್ತದೆ. ಹಾಗಾಗಿ ಬಲ್ಲ ಬಡಿಗೇರರು ಹಲಗೆಯನ್ನು ಎರಡು ಮೂರು ವಾರ ಆ ಮನೆಯೊಳಗೇ ನಿಲ್ಲಿಸುತ್ತಾರೆ, ಆಮೇಲೆ ಉಳಿ ಮುಟ್ಟುತ್ತಾರೆ. ಹೊಸ ಸೊಸೆಯ ಬಳಿ ಬಂದ ದಿನವೇ ಲೆಕ್ಕ ಕೇಳುವ ಮನೆಗಳಿಗೆ ಇದು ತಿಳಿದಿದ್ದರೆ ಚೆನ್ನಾಗಿತ್ತು.

ಎತ್ತಿನ ಬಂಡಿಯ ಗಾಲಿ ಕಟ್ಟುತ್ತಿದ್ದವರು ಇನ್ನೂ ಕಟ್ಟುನಿಟ್ಟು. ಜಾಲಿಯ ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಒಣಗಿಸಲು ಮುಳುಗಿಸುವುದು ವಿಚಿತ್ರ ಎನಿಸಬಹುದು; ಆದರೆ ಹುಳುವಿಗೆ ರುಚಿಸುವ ಮರದ ರಸ ನೀರಿಗೆ ಬಿಟ್ಟುಹೋಗುತ್ತದೆ, ಆಮೇಲೆ ನೆರಳಲ್ಲಿ ಆರಿಸಿದ ಮರಕ್ಕೆ ಕುಟ್ಟೆ ಹಿಡಿಯುವುದು ಕಡಿಮೆ. ಹಸಿ ಗಾಲಿಗೆ ಕಾದ ಹಳಿ ಕೂರಿಸಿದರೆ ಮುಂದಿನ ಬೇಸಿಗೆಗೆ ಹಳಿ ದಾರಿಯಲ್ಲೇ ಕಳಚಿ ಉರುಳುತ್ತದೆ. ಗಾಲಿಯನ್ನು ರಾತ್ರಿ ಕಾಲುವೆಯಲ್ಲಿ ನೆನೆಸಿ ಬಿಗಿ ಮಾಡಿಕೊಳ್ಳುವ ರೈತರಿದ್ದರು. ಅದು ಆ ಹೊತ್ತಿನ ಬಿಗಿ.

ಅಂಟಿನ ವಿಷಯಕ್ಕೆ ಬಂದರೆ, ಫೆವಿಕಾಲ್ ಡಬ್ಬಿ ಕೈಯಲ್ಲಿದ್ದವರೆಲ್ಲ ಬಡಿಗರೇ. ಆ ಬಿಳಿ ಅಂಟು ಗಟ್ಟಿಯಾಗುವುದು ಅದರೊಳಗಿನ ನೀರನ್ನು ಮರ ಹೀರಿಕೊಂಡಾಗ. ಆಗಲೇ ನೀರು ತುಂಬಿದ ಮರ ಇನ್ನೆಷ್ಟು ಹೀರೀತು? ಸರಿಯಾಗಿ ಹಿಡಿದ ಮೇಲೂ ಒಂದು ದಿನ ಬಿಡಬೇಕು. ಜೋಡಿಸಿದ ಸ್ವಲ್ಪ ಹೊತ್ತಿಗೇ ಹತ್ತರಿ ಹೊಡೆದು ಸಮ ಮಾಡಿದರೆ, ಅಂಟಿನ ತೇವಕ್ಕೆ ಉಬ್ಬಿದ ಅಂಚನ್ನು ಕೆತ್ತಿಹಾಕಿದಂತಾಗುತ್ತದೆ. ತೇವ ಆರಿದಾಗ ಅಲ್ಲಿ ಸಣ್ಣ ಕಾಲುವೆಯಂತೆ ತಗ್ಗು. ಪಾಲಿಷ್ ಹಾಕಿದ ಮೇಲೆ ಆ ತಗ್ಗು ಇನ್ನೂ ಎದ್ದು ಕಾಣುತ್ತದೆ. ಕೊಪ್ಪಳದ ಕಿನ್ನಾಳದಲ್ಲಿ ಹುಣಸೆಬೀಜದ ಅಂಟು, ಮರದ ಹೊಟ್ಟು ಕಲಸಿ ಗೊಂಬೆಯ ಸಂದು ತುಂಬುವವರು ಒಂದು ಪದರ ಆರದೆ ಇನ್ನೊಂದನ್ನು ಮುಟ್ಟುವುದಿಲ್ಲ. ಅಂಟು ಎಲ್ಲಿ ಹಾಕಬಾರದು ಎಂಬುದೂ ಒಂದು ವಿದ್ಯೆ. ಚೌಕಟ್ಟಿನ ತೋಡಿನಲ್ಲಿ ಕೂರುವ ಹಲಗೆಗೆ ಅಂಟು ಬೇಡ. ಋತು ತಿರುಗಿದಾಗ ಅದಕ್ಕೆ ಹಿಗ್ಗಲು ಕುಗ್ಗಲು ಜಾಗವಿರಬೇಕು. ಬಿಗಿದು ಹಿಡಿದ ಹಲಗೆಯೇ ಮೊದಲು ಒಡೆಯುವುದು.

ಪಾಲಿಷ್ ಬಗ್ಗೆ ಒಂದೇ ಮಾತು: ಬಾಗಿಲಿನ ಕೆಳಅಂಚಿಗೂ ಬಳಿಸಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ನೆಲ ಒರೆಸಿದ ನೀರನ್ನು ದಿನವೂ ಕುಡಿಯುವುದು ಮಾತ್ರ ಅದೇ.

ಇಷ್ಟೆಲ್ಲ ತಿಳಿದ ಮೇಲೆ ಹಂಪಿಗೆ ಹೋದಾಗ ಬೇರೆಯೇ ಕಡೆ ಕಣ್ಣು ಹೋಗತೊಡಗಿತು. ಮಹಾನವಮಿ ದಿಬ್ಬದಿಂದ ದೂರವೇನಿಲ್ಲ, ಅರಸರ ಸಭಾಂಗಣದ ಕಲ್ಲಿನ ಜಗತಿ. ಅದರ ಮೇಲೆ ನೂರು ಕಂಬಗಳನ್ನು ನಿಲ್ಲಿಸಿದ್ದ ಗುಳಿಗಳಿವೆ. ಕಂಬಗಳು ಮರದವು, ಒಂದೂ ಉಳಿದಿಲ್ಲ. 1565ರಲ್ಲಿ ವಿಜಯನಗರ ಸೋತ ನಂತರದ ಬೆಂಕಿಯಲ್ಲಿ ಹೋದವು. ಅರಮನೆಗಳ ನೆಲ ಅಗೆದಾಗ ಬೂದಿ, ಇದ್ದಿಲು ಸಿಕ್ಕಿದೆ. ಅಷ್ಟು ಕಂಬಗಳನ್ನು ಯಾರೋ ಆರಿಸಿ, ವರ್ಷಗಟ್ಟಲೆ ಒಣಗಿಸಿ, ತಟ್ಟಿ ನೋಡಿ ಒಪ್ಪಿರಬೇಕು. ಚೆನ್ನಾಗಿ ಒಣಗಿದ ಮರ ಚೆನ್ನಾಗಿ ಉರಿಯುತ್ತದೆ ಕೂಡ. ಹಾಗಾದರೆ ಅವರ ತಾಳ್ಮೆ ದಂಡವಾಯಿತೇ? ಗುಳಿಯ ಪಕ್ಕ ಕೂತು ಬಹಳ ಹೊತ್ತು ಯೋಚಿಸಿದೆ. ಬೆಂಕಿ ಅವರ ಲೆಕ್ಕದಲ್ಲಿ ಇರಲಿಲ್ಲ, ಬೇಸಿಗೆ ಇತ್ತು. ತಮ್ಮ ಲೆಕ್ಕದಲ್ಲಿ ಇರುವುದಕ್ಕೆ ಅವರು ಉತ್ತರ ಕೊಟ್ಟಿದ್ದರು.

ಹತ್ತಿರದಲ್ಲೇ ಹೊಳೆ, ಹೊಳೆಯಲ್ಲಿ ಹರಿಗೋಲು. 1520ರ ಸುಮಾರಿಗೆ ಬಂದ ಪೋರ್ಚುಗೀಸರ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿನ ಚರ್ಮ ಹೊದಿಸಿದ ಇವೇ ದೋಣಿಗಳನ್ನು ಕಂಡು ಬರೆದಿದ್ದಾನೆ. ಈಗ ಚರ್ಮವಿಲ್ಲ, ಬಿದಿರಿನ ಹೆಣಿಗೆಯ ಹೊರಗೆ ಹಾಳೆ, ಡಾಂಬರು. ಡಾಂಬರನ್ನು ಮತ್ತೆ ಮತ್ತೆ ಬಳಿಯಲೇಬೇಕು. ಹಂಪಿಯ ಕಲ್ಲಿನ ತೇರು ರೂಪಾಯಿ ನೋಟಿನ ಮೇಲೆ ಬಂತು; ಹರಿಗೋಲು ಐನೂರು ವರ್ಷ ಹೊಳೆಯಲ್ಲೇ ಉಳಿಯಿತು.

ಮುಂದಿನ ವರ್ಷದ ಬೇಸಿಗೆ ಕಳೆದ ಮೇಲೆ ಬಡಿಗೇರರನ್ನು ಮತ್ತೆ ಕರೆದೆ. ಬಾಗಿಲು ಬಿಚ್ಚಿ, ಸಂದಿಗೆ ತಕ್ಕ ಪಟ್ಟಿ ಸೇರಿಸಿ ಜೋಡಿಸಿದರು. 'ತಪ್ಪು ನಂದು' ಎಂದೆ. 'ಮರದ್ದಂತೂ ಅಲ್ಲ ಬಿಡ್ರಿ' ಎಂದರು, ತಲೆ ಎತ್ತದೆ.

ನಿಮ್ಮ ಮನೆಯಲ್ಲೂ ಶ್ರಾವಣದ ಮಳೆಗೆ ಯಾವುದೋ ಬಾಗಿಲು ಬಿಗಿಯಾಗಿ ನೆಲ ಕೆರೆಯುತ್ತಿರಬಹುದು. ಕೂಡಲೇ ಹತ್ತರಿ ಹೊಡೆಸಬೇಡಿ. ದೀಪಾವಳಿ ಕಳೆಯಲಿ, ಆಗಲೂ ಬಿಗಿಯಿದ್ದರೆ ಬಡಿಗೇರರಿಗೆ ಹೇಳಿಕಳಿಸಿ.