ಕ್ರೈಸ್ತರು ಯೋಗ ಮಾಡಬಹುದೇ?

"ಬೆನ್ನುನೋವಿಗೆ ಡಾಕ್ಟರು ಯೋಗ ಮಾಡಿ ಎನ್ನುತ್ತಾರೆ. ಪ್ರಾರ್ಥನಾಕೂಟದಲ್ಲಿ ಅದು ಪಾಪ, ಸೈತಾನನಿಗೆ ಬಾಗಿಲು ತೆರೆದಂತೆ ಎನ್ನುತ್ತಾರೆ. ನಾವು ಯಾರ ಮಾತು ಕೇಳಬೇಕು?" ನಮ್ಮ ಧರ್ಮಕೇಂದ್ರಗಳಲ್ಲಿ ಈ ಪ್ರಶ್ನೆ ಹೊಸದೇನಲ್ಲ. 2015ರಿಂದ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಆಚರಿಸುತ್ತಿರುವುದರಿಂದ, ಪ್ರತಿವರ್ಷ ಮಕ್ಕಳ ಶಾಲೆಯಿಂದಲೂ ಈ ಪ್ರಶ್ನೆ ಮನೆಗೆ ಬರುತ್ತದೆ. ನೋವು ತಿನ್ನುತ್ತಿರುವ ತಾಯಿಯೊಬ್ಬರು ಹೆದರಿ ವ್ಯಾಯಾಮ ಬಿಟ್ಟರೆ, ಅಥವಾ ಮಾಡಿದ್ದಕ್ಕೆ ಪಾಪನಿವೇದನೆಗೆ ನಿಂತು ಅತ್ತರೆ, ಅದು ಸಣ್ಣ ವಿಷಯವಲ್ಲ.

"ಅಯ್ಯೋ, ಯೋಗವೆಂದರೆ ಬರೀ ವ್ಯಾಯಾಮ, ಅದರಲ್ಲೇನಿದೆ!" ಎಂದು ಕೆಲವರು ಸುಲಭವಾಗಿ ತಳ್ಳಿಹಾಕುತ್ತಾರೆ. ಈ ಉತ್ತರ ನನಗೆ ಒಪ್ಪಿಗೆಯಾಗದು. ಪತಂಜಲಿ ಮಹರ್ಷಿಯ ಯೋಗಸೂತ್ರಗಳಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ. ಉಳಿದದ್ದೆಲ್ಲ ಮನಸ್ಸಿನ ನಿಗ್ರಹ, ಧ್ಯಾನ, ಸಮಾಧಿ ಮತ್ತು ಕೊನೆಗೆ ಕೈವಲ್ಯದ ವಿಚಾರ. ಅದೊಂದು ಮುಕ್ತಿಮಾರ್ಗ. ನಮ್ಮ ನೆರೆಮನೆಯ ಹಿಂದೂ ಸಹೋದರ ಶ್ರದ್ಧೆಯಿಂದ ಮಾಡುವ ಸಾಧನೆಯನ್ನು ನಾವು ಬರೀ ಕಸರತ್ತು ಎಂದರೆ, ಅವರು ನಮ್ಮ ಜಪಸರವನ್ನು ನೋಡಿ "ಬೆರಳುಗಳಿಗೆ ಒಳ್ಳೆಯ ವ್ಯಾಯಾಮ" ಎಂದಂತೆ. ನಮಗೆ ಹೇಗನಿಸೀತು?

ಆದರೆ ಇಂದು ಸಮುದಾಯ ಭವನಗಳಲ್ಲಿ ಕಲಿಸುವ ಯೋಗಕ್ಕೆ ಇನ್ನೊಂದು ಚರಿತ್ರೆಯೂ ಇದೆ, ಅದೂ ನಮ್ಮ ಮೈಸೂರಿನದೇ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದರು. ಅವರ 'ಯೋಗ ಮಕರಂದ' ಮೊದಲು ಬಂದದ್ದು ಕನ್ನಡದಲ್ಲಿ. ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಹಾಸನ ಕಡೆಯ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಜಗತ್ತಿನಾದ್ಯಂತ ಹರಡಿದ ಆಸನಪ್ರಧಾನ ಯೋಗಕ್ಕೆ ಈ ಗುರುಶಿಷ್ಯರ ಕೊಡುಗೆ ದೊಡ್ಡದು. ಅದರಲ್ಲಿ ಮೈಸೂರಿನ ಗರಡಿಮನೆಯ ಸಾಧನೆಯೂ ಬೆರೆತಿದೆ ಎಂದು ವಾದಿಸಿದ ಸಂಶೋಧಕರಿದ್ದಾರೆ. ಆದ್ದರಿಂದ ಯೋಗ ಎಂಬ ಒಂದೇ ಹೆಸರಿನ ಕೆಳಗೆ ಬೆನ್ನುನೋವಿನ ಆರೈಕೆಯೂ ಇದೆ, ಮುಕ್ತಿಯ ಸಾಧನೆಯೂ ಇದೆ. ಎರಡಕ್ಕೂ ಒಂದೇ ತೀರ್ಪು ಕೊಡಲಾಗದು.

ಮೂಲ ಹಿಂದೂ ಎಂಬ ಒಂದೇ ಕಾರಣಕ್ಕೆ ಬಿಡಬೇಕೆನ್ನುವವರು ನಮ್ಮ ಬಾಯಲ್ಲಿ ದಿನವೂ ಓಡಾಡುವ ಮಾತುಗಳನ್ನೊಮ್ಮೆ ನೆನೆಯಲಿ. ಬಲಿಪೂಜೆ, ಪರಮಪ್ರಸಾದ, ಜಪ, ತಪಸ್ಸುಕಾಲ, ಗುರು: ಇವನ್ನೆಲ್ಲ ನಾವು ಈ ನೆಲದ ಭಕ್ತಿಯಿಂದಲೇ ತೆಗೆದುಕೊಂಡು ಕ್ರಿಸ್ತನಿಗೆ ಅರ್ಪಿಸಿದ್ದೇವೆ. ಪರಮಪ್ರಸಾದ ಎನ್ನುವಾಗ ಯಾರಿಗೂ ಅಳುಕಿಲ್ಲ. 1969ರ ಏಪ್ರಿಲ್‌ನಲ್ಲಿ ರೋಮ್ ಭಾರತದ ಪೂಜಾವಿಧಿಗೆ ಹನ್ನೆರಡು ಅಂಶಗಳ ಹೊಂದಾಣಿಕೆಗೆ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು, ಕೈಮುಗಿಯುವುದು, ಪಂಚಾಂಗ ಪ್ರಣಾಮ, ಆರತಿ, ಎಣ್ಣೆದೀಪ ಅದರಲ್ಲಿದ್ದವು. ಆ ಕೆಲಸಕ್ಕೆ ದುಡಿದ, ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದ ಫಾದರ್ ಅಮಲೋರ್‌ಪವದಾಸ್ ಅವರನ್ನು ಅಂದು ಟೀಕಿಸಿದವರು ಕಡಿಮೆಯೇನಿರಲಿಲ್ಲ. ಇಂದು ಅನೇಕ ದೇವಾಲಯಗಳಲ್ಲಿ ಹಬ್ಬದ ಪೂಜೆಗೆ ಆರತಿ ಸಹಜವಾಗಿದೆ.

ಧರ್ಮಸಭೆ ಏನನ್ನುತ್ತದೆ? ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. 1989ರ ಅಕ್ಟೋಬರ್ 15ರಂದು ಕಾರ್ಡಿನಲ್ ರಾಟ್ಸಿಂಗರ್ ಅವರು, ಅಂದರೆ ಮುಂದೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ ಆದವರು, ಕ್ರೈಸ್ತ ಧ್ಯಾನದ ಬಗ್ಗೆ ಸಹಿ ಹಾಕಿದ ಪತ್ರದಲ್ಲಿ ಯೋಗದ ಹೆಸರೂ ಬರುತ್ತದೆ. ಆ ಪತ್ರ ಬಾಗಿಲು ಮುಚ್ಚುವುದಿಲ್ಲ, ಆದರೆ ಎಚ್ಚರಿಸುತ್ತದೆ. 2018ರಲ್ಲಿ ಕೇರಳದ ಸೀರೋ ಮಲಬಾರ್ ಧರ್ಮಸಭೆಯ ಒಂದು ಆಯೋಗ ಇನ್ನೂ ಬಿಗಿಯಾದ ನಿಲುವು ತಳೆಯಿತು. ನಮ್ಮವರಲ್ಲೇ ಒಮ್ಮತವಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

1989ರ ಪತ್ರದ ಒಂದು ಎಚ್ಚರಿಕೆ ನಾವೆಲ್ಲ ಮನಸ್ಸಿಗೆ ತಂದುಕೊಳ್ಳಬೇಕಾದದ್ದು. ದೇಹದ ಕೆಲವು ಅಭ್ಯಾಸಗಳು ತಾವಾಗಿಯೇ ನೆಮ್ಮದಿ ಕೊಡುತ್ತವೆ. ಆ ನೆಮ್ಮದಿಯನ್ನೇ ಪವಿತ್ರಾತ್ಮರ ಸಾಂತ್ವನವೆಂದು ತಿಳಿಯಬಾರದು ಎನ್ನುತ್ತದೆ ಅದು. ಇಪ್ಪತ್ತು ನಿಮಿಷ ಉಸಿರನ್ನು ನಿಧಾನವಾಗಿ ಎಳೆದು ಬಿಟ್ಟರೆ ಮನಸ್ಸು ತಿಳಿಯಾಗುತ್ತದೆ. ಅದು ಸುಳ್ಳಲ್ಲ, ಕೆಟ್ಟದ್ದೂ ಅಲ್ಲ. ಒಳ್ಳೆಯ ನಿದ್ದೆಯಂತೆ ಅದೂ ದೇವರು ದೇಹಕ್ಕೆ ಇಟ್ಟ ಏರ್ಪಾಡು. ಆದರೆ ಮೂರು ವರ್ಷದಿಂದ ಮಾತುಬಿಟ್ಟ ತಮ್ಮ ಹಾಗೆಯೇ ಇದ್ದಾನೆ. ಕೆಲಸದಾಕೆಯ ಎರಡು ತಿಂಗಳ ಸಂಬಳ ಇನ್ನೂ ಕೊಟ್ಟಿಲ್ಲ. ಹೀಗಿರುವಾಗ ಸಿಕ್ಕಿದ ಶಾಂತಿ ಯಾವ ಶಾಂತಿ? ಯೇಸುಸ್ವಾಮಿ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಲು ಹೇಳಿದರು. ಪತಂಜಲಿಯೂ ಅಹಿಂಸೆ, ಸತ್ಯ, ಕದಿಯದಿರುವುದು ಇವನ್ನು ಆಸನಕ್ಕಿಂತ ಮೊದಲೇ ಇಟ್ಟಿದ್ದಾರೆ. ಅವನ್ನು ಹಾರಿಸಿ ನೇರವಾಗಿ ಚಾಪೆ ಹಾಸುವುದು ನಮ್ಮ ಕಾಲದ ಅವಸರ!

ಉಸಿರಿನ ಜೊತೆ ಪ್ರಾರ್ಥಿಸುವುದೇನೂ ನಮಗೆ ಪರಕೀಯವಲ್ಲ. ಪರಲೋಕ ಪ್ರಾರ್ಥನೆಯನ್ನು ಒಂದೊಂದು ಉಸಿರಿಗೆ ಒಂದೊಂದು ಪದದಂತೆ ಹೇಳುವ ಕ್ರಮವನ್ನು ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ್ದರು. ಅಲ್ಲಿ ಉಸಿರು ಬರೀ ತಾಳ. ಮಾತು ಹೋಗುವುದು ತಂದೆಯ ಕಡೆಗೆ. ಬೆಳಗಿನ ಪ್ರಾಣಾಯಾಮ ಬಂದ ಮೇಲೆ ಮನೆಯಲ್ಲಿ ಸಂಜೆಯ ಜಪಸರ ನಿಂತುಹೋಗಿದ್ದರೆ, ನಮ್ಮ ದೇವರು ನಮ್ಮೊಡನೆ ಮಾತಾಡುವ ದೇವರು ಎಂಬುದನ್ನು ನಾವು ಮರೆಯುತ್ತಿದ್ದೇವೆಂದೇ ಲೆಕ್ಕ.

ಗೆರೆ ಎಲ್ಲಿ ಎಳೆಯೋಣ? ನನ್ನ ಮಟ್ಟಿಗೆ ಅದು ಮಂತ್ರದಲ್ಲಿದೆ. ಸೂರ್ಯನಮಸ್ಕಾರದಲ್ಲಿ ಸೂರ್ಯನ ಹನ್ನೆರಡು ನಾಮಗಳಿಗೆ ನಮಃ ಎನ್ನುತ್ತಾರೆ. ಅದನ್ನು ನಾನು ನಂಬಿ ಹೇಳಿದರೆ ಮೊದಲನೆಯ ಆಜ್ಞೆಗೆ ತಪ್ಪಿದಂತೆ. ನಂಬದೆ ಹೇಳಿದರೆ ಬೇರೊಬ್ಬರ ಪ್ರಾರ್ಥನೆಯನ್ನು ನಾಟಕವಾಡಿದಂತೆ. ಬಾಗಿ ಏಳುವುದನ್ನು ಮೌನವಾಗಿ ಮಾಡಬಹುದು. ಶಾಲೆಯಲ್ಲಿ ಮಂತ್ರ ಹೇಳಿಸುತ್ತಿದ್ದರೆ ಜಗಳಕ್ಕೆ ಹೋಗದೆ ಮುಖ್ಯೋಪಾಧ್ಯಾಯರಿಗೆ ವಿನಯದಿಂದ ತಿಳಿಸಿ. ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಆರಾಧನೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಜೊತೆಗೆ, ಆ ಮಂತ್ರ ಹೇಳುವ ಗೆಳೆಯನನ್ನು ಗೇಲಿ ಮಾಡಬಾರದೆಂದು ನಿಮ್ಮ ಮಗುವಿಗೂ ಹೇಳಿಕೊಡಿ.

ಇನ್ನು ಮನೆಯೊಳಗಿನ ಮಾತು. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂದು ಕೊರಿಂಥದ ಕ್ರೈಸ್ತರು ಕೇಳಿದಾಗ ಸಂತ ಪೌಲರು ತಿಂದರೆ ನಷ್ಟವಿಲ್ಲ ಎಂದರು. ಆದರೆ ಅದರಿಂದ ದುರ್ಬಲ ಮನಸ್ಸಾಕ್ಷಿಯ ಸಹೋದರನೊಬ್ಬ ಎಡವುವುದಾದರೆ ತಾನು ಮಾಂಸವನ್ನೇ ಮುಟ್ಟುವುದಿಲ್ಲ ಎಂದೂ ಬರೆದರು. ನೀವು ಆಸನ ಮಾಡುವುದನ್ನು ಕಂಡು ಮನೆಯಲ್ಲಿ ಅತ್ತೆಯವರು ಕಂಗಾಲಾಗಿದ್ದರೆ, "ನಿಮಗೆ ತಿಳಿಯದು, ಸುಮ್ಮನಿರಿ" ಎನ್ನಬೇಡಿ. ಕದ ಹಾಕಿಕೊಂಡು ಗುಟ್ಟಾಗಿಯೂ ಮಾಡಬೇಡಿ. ಡಾಕ್ಟರು ಹೇಳಿದ್ದನ್ನು ಅವರಿಗೂ ಹೇಳಿ, ಅವರೆದುರಿಗೇ ಚಾಪೆ ಹಾಸಿ, ಶಿಲುಬೆಯ ಗುರುತು ಹಾಕಿ ಶುರುಮಾಡಿ. ಎರಡು ದಿನ ನೋಡಿದ ಮೇಲೆ ತಮ್ಮ ಮಂಡಿನೋವಿಗೆ ಏನಾದರೂ ಇದೆಯೇ ಎಂದು ಅವರೇ ಕೇಳಿಯಾರು.