ಬಯಕೆಯ ಮೇಲೊಂದು ಬಯಕೆ

1935ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ ಶಾಡೆಲ್ ಆಸ್ಪತ್ರೆ ಕುಡಿತ ಬಿಡಿಸಲು ವಾಂತಿಯ ದಾರಿ ಹಿಡಿಯಿತು. ರೋಗಿಗೆ ಎಮಿಟೀನ್ ಎಂಬ ಔಷಧ ಕೊಟ್ಟು, ಹೊಟ್ಟೆ ತೊಳಸುವ ಹೊತ್ತಿಗೆ ಸರಿಯಾಗಿ ಮದ್ಯ ಕುಡಿಸುತ್ತಿದ್ದರು. ಕೆಲವು ಸಲ ಹೀಗಾದ ಮೇಲೆ ಔಷಧವಿಲ್ಲದೆಯೂ ಮದ್ಯದ ವಾಸನೆಗೇ ವಾಕರಿಕೆ ಬರಲಿ ಎಂಬುದು ಉದ್ದೇಶ. ರಷ್ಯಾದಲ್ಲಿ ಇದಕ್ಕೂ ಮೊದಲೇ ವಿದ್ಯುತ್ ಶಾಕ್ ಕೊಟ್ಟು ನೋಡಿದ್ದರು. ಆದರೆ 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಇಲಿಗಳ ಮೇಲೆ ನಡೆಸಿದ ಪ್ರಯೋಗ ಬೇರೆಯದನ್ನು ತೋರಿಸಿತು: ದೇಹ ರುಚಿಯನ್ನು ಹೊಟ್ಟೆಯ ಸಂಕಟದ ಜೊತೆ ಸುಲಭವಾಗಿ ಬೆಸೆಯುತ್ತದೆ, ಶಾಕ್‌ನ ನೋವಿನ ಜೊತೆ ಹಾಗೆ ಬೆಸೆಯುವುದಿಲ್ಲ.

ಹೀಗೆ ಕುಡಿತ ನಿಂತರೆ ಆ ಮನುಷ್ಯ ತಾನಾಗಿ ಬಿಟ್ಟ ಎನ್ನಬಹುದೇ? ಅಮೆರಿಕದ ತತ್ತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರ ಪ್ರಬಂಧವೊಂದರಲ್ಲಿ ಬಯಕೆಗಳನ್ನು ಎರಡು ಹಂತಗಳಲ್ಲಿ ನೋಡಿದರು. ಕುಡಿಯಬೇಕು ಅನ್ನಿಸುವುದು ಮೊದಲ ಹಂತ. ಈ ಬಯಕೆ ನನ್ನನ್ನು ಆಳಬಾರದು ಅನ್ನಿಸುವುದು ಎರಡನೆಯದು. ತನ್ನ ಬಯಕೆಗಳ ಬಗ್ಗೆಯೇ ಹೀಗೆ ಬಯಸಬಲ್ಲವನು ಮಾತ್ರ ಅವರ ದೃಷ್ಟಿಯಲ್ಲಿ ಪೂರ್ಣ ಅರ್ಥದ ವ್ಯಕ್ತಿ. ಮನಸ್ಸಿಲ್ಲದೆಯೂ ಕುಡಿಯುವ ವ್ಯಸನಿಯಲ್ಲಿ ಎರಡನೆಯ ಬಯಕೆ ಇದೆ, ಆದರೆ ಪ್ರತಿ ಸಂಜೆ ಅದು ಸೋಲುತ್ತದೆ. ಅವನೇ ಕೇಳಿ ಪಡೆದ ವಾಕರಿಕೆ ಅವನ ಸ್ವಾತಂತ್ರ್ಯವನ್ನು ಕಸಿಯುವುದಿಲ್ಲ. ಸೋಲುತ್ತಿದ್ದ ಕಡೆಗೆ ಬಲ ಕೊಡುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವ ಡೈಸಲ್ಫಿರಾಮ್ ಮಾತ್ರೆಯ ವಿಷಯದಲ್ಲಿ, ತಾನೇ ಕೇಳಿ ಪಡೆಯುವುದಕ್ಕೂ ತಿಳಿಯದಂತೆ ಕೊಡುವುದಕ್ಕೂ ಇರುವ ವ್ಯತ್ಯಾಸ ಜೀವನ್ಮರಣದ್ದು. 1948ರಲ್ಲಿ ಡೆನ್ಮಾರ್ಕ್‌ನ ವೈದ್ಯರು ಕುಡಿತಕ್ಕೆ ಚಿಕಿತ್ಸೆಯಾಗಿ ಬೆಳಕಿಗೆ ತಂದ ಈ ಔಷಧ, ದೇಹದಲ್ಲಿ ಮದ್ಯ ಪೂರ್ತಿ ಕರಗದಂತೆ ತಡೆಯುತ್ತದೆ. ಮಾತ್ರೆ ತೆಗೆದುಕೊಂಡವನು ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಸ್ತು ಶೇಖರವಾಗಿ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ. ಕುಡಿದರೆ ಹೀಗಾಗುತ್ತದೆಂದು ಗೊತ್ತಿರುವುದರಿಂದಲೇ ರೋಗಿ ಬಾಟಲಿಯಿಂದ ದೂರ ಉಳಿಯುತ್ತಾನೆ. ಬೇಸತ್ತ ಮನೆಯವರು ಕೆಲವೊಮ್ಮೆ ಇದನ್ನು ಗುಟ್ಟಾಗಿ ಊಟದಲ್ಲಿ ಬೆರೆಸುತ್ತಾರೆ. ಅವರ ಸಂಕಟ ನಿಜ. ಆದರೆ ತಿಳಿಯದವನನ್ನು ಮಾತ್ರೆ ತಡೆಯಲಾರದು; ಅವನು ಕುಡಿದೇ ಕುಡಿಯುತ್ತಾನೆ, ಆ ಪ್ರತಿಕ್ರಿಯೆ ಜೀವಕ್ಕೂ ಎರವಾಗಬಹುದು. ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಫ್ರಾಂಕ್‌ಫರ್ಟ್ ವಾದಕ್ಕೆ ಬಲವಾದ ಆಕ್ಷೇಪವೂ ಇದೆ: ಎರಡನೆಯ ಬಯಕೆ ಬಂದದ್ದೆಲ್ಲಿಂದ? 1960ರ ದಶಕದ ಬ್ರಿಟನ್ನಿನಲ್ಲಿ ಸಲಿಂಗಪ್ರೇಮಿ ಗಂಡಸರಿಗೆ ಇದೇ ವಾಂತಿ, ಇದೇ ಶಾಕ್ ಕೊಟ್ಟರು. ಹಲವರು ತಾವಾಗಿಯೇ ಒಪ್ಪಿಕೊಂಡಿದ್ದರು. ಆ ಒಪ್ಪಿಗೆಯ ಹಿಂದೆ ಜೈಲಿನ ಹೆದರಿಕೆಯಿತ್ತು, ಊರಿನವರ ತಿರಸ್ಕಾರವಿತ್ತು. ಆದ್ದರಿಂದ ಒಪ್ಪಿಗೆ ಕೇಳಿದರಷ್ಟೇ ಸಾಲದು. ಹೆದರಿಕೆಯನ್ನು ತೆಗೆದ ಮೇಲೂ ಆ ಬಯಕೆ ಉಳಿಯುತ್ತದೆಯೇ ಎಂದು ನೋಡಬೇಕು. ಕುಡಿತ ಬಿಡಬೇಕೆನ್ನುವವನಲ್ಲಿ ಅದು ಸಾಮಾನ್ಯವಾಗಿ ಉಳಿಯುತ್ತದೆ. ಯಾರೂ ಬೈಯದಿದ್ದರೂ ಅವನ ಯಕೃತ್ತು ಕೆಡುತ್ತಿರುತ್ತದೆ, ಕೂಲಿ ತಪ್ಪುತ್ತಿರುತ್ತದೆ.